ನಾಲಾಸೋಪಾರದ ಹಿಂದಿರುವ ಶೂರ್ಪಾರಕ: ಊರಿಂದ ಬಂದವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ನಾಲಾಸೋಪಾರದಲ್ಲಿ ಮನೆ ಮಾಡಿ ಇಪ್ಪತ್ತು ವರ್ಷ ದಾಟಿತು. ಮದುವೆ ಮಾತುಕತೆಯ ದಿನ ಹೆಣ್ಣಿನ ಕಡೆಯ ದೊಡ್ಡಪ್ಪ, "ಹುಡುಗ ಬೊಂಬಾಯಿ ಅಂದ್ರಲ್ಲ, ಇದ್ಯಾವುದು ನಾಲಾಸೋಪಾರ?" ಅಂತ ಕೇಳಿದ್ದರು. "ವಿರಾರ್ ಹತ್ತಿರ" ಅಂದೆ. ಅವರ ಮುಖ ಇನ್ನೂ ಸಣ್ಣದಾಯಿತು. ಈಗ ಅದೇ ದೊಡ್ಡಪ್ಪ ಮುಂಬೈಗೆ ಬಂದಾಗಲೆಲ್ಲ "ಆ ಸ್ತೂಪಕ್ಕೆ ಹೋಗೋಣ" ಅನ್ನುತ್ತಾರೆ. ಅವರೂ, ಅವರ ಹಾಗೆ ಊರಿಂದ ಬಂದವರೂ, ಇಲ್ಲೇ ಇದ್ದು ವಿರಾರ್ ಫಾಸ್ಟ್ ಲೋಕಲ್ ರೈಲಿನಲ್ಲಿ ನೇತಾಡುವ ಸ್ನೇಹಿತರೂ ಕೇಳಿದ ಪ್ರಶ್ನೆಗಳಿವು.

ನಾಲಾಸೋಪಾರದಲ್ಲಿ ನೋಡುವಂಥದ್ದು ಏನಿದೆ ಮಾರಾಯ್ರೆ?

ಎರಡು ಸಾವಿರ ವರ್ಷಕ್ಕಿಂತ ಹಳೆಯ ಬಂದರಿದೆ. ಇತ್ತು ಅನ್ನಬೇಕು. ಸಂಸ್ಕೃತದಲ್ಲಿ ಅದರ ಹೆಸರು ಶೂರ್ಪಾರಕ, ಪಾಲಿಯಲ್ಲಿ ಸುಪ್ಪಾರಕ, ಗ್ರೀಕರ ಬಾಯಲ್ಲಿ ಸೌಪ್ಪಾರ, ಅರಬರ ಬಾಯಲ್ಲಿ ಸುಬಾರ. ಮಹಾಭಾರತದಲ್ಲಿ ಇದೆ, ಬೌದ್ಧರ ಕತೆಗಳಲ್ಲಿ ಇದೆ, ಜೈನರ ತೀರ್ಥಗಳ ಪಟ್ಟಿಯಲ್ಲಿ ಇದೆ. ಅಶೋಕ ಇಲ್ಲಿ ಕಲ್ಲಿನ ಮೇಲೆ ಬರೆಸಿದ್ದಾನೆ. ದಕ್ಷಿಣ ಮುಂಬೈ ಇನ್ನೂ ಬಿಡಿಬಿಡಿ ದ್ವೀಪಗಳಾಗಿದ್ದ ಕಾಲದಲ್ಲಿ ಹಡಗಿನವರು ಹುಡುಕಿಕೊಂಡು ಬರುತ್ತಿದ್ದ ಊರು ಇದು. ಈಗ ನಾವು ಚರ್ಚ್‌ಗೇಟಿನಿಂದ ದೂರ ಅಂತ ಮೂಗು ಮುರಿಯುತ್ತೇವೆ. ಆಗ ಚರ್ಚ್‌ಗೇಟಿನ ಕಡೆಯೇ ಯಾರಿಗೂ ಬೇಡವಾಗಿತ್ತು, ಅಷ್ಟೇ.

ಹೆಸರು ಎಲ್ಲಿಂದ ಬಂತು?

ನಾಲಾ ಮತ್ತು ಸೋಪಾರ ಎರಡು ಬೇರೆ ಬೇರೆ ಹಳ್ಳಿ. ರೈಲಿನವರು ಸ್ಟೇಷನ್ನಿಗೆ ಎರಡನ್ನೂ ಸೇರಿಸಿ ಹೆಸರಿಟ್ಟರು. ಹಳೆಯ ಪಟ್ಟಣ ಇದ್ದದ್ದು ಸೋಪಾರದಲ್ಲಿ, ಅಂದರೆ ಪಶ್ಚಿಮದ ಕಡೆ.

ಶೂರ್ಪ ಅಂದರೆ ಮೊರ. ಅಕ್ಕಿ ಕೇರುವ ಮೊರ. ನಮ್ಮಮ್ಮ ತುಳುವಿನಲ್ಲಿ ತಡ್ಪೆ ಅನ್ನುತ್ತಾರೆ. ಊರಿಗೂ ಮೊರಕ್ಕೂ ಏನು ಸಂಬಂಧ ಅಂತ ಖಚಿತವಾಗಿ ಹೇಳುವ ಹಾಗಿಲ್ಲ. ಸಮುದ್ರವನ್ನು ಹಿಂದಕ್ಕೆ ಸರಿಸಿದ ಕತೆಯ ಜೊತೆ ಇದನ್ನು ಜೋಡಿಸುವವರಿದ್ದಾರೆ. ನನಗೆ ಹಿಡಿಸಿದ್ದು ಬೇರೆ ವಿಷಯ. ಇಲ್ಲಿನ ಸ್ತೂಪದ ದಿಬ್ಬಕ್ಕೆ ಊರವರು ಕರೆಯುತ್ತಾ ಬಂದ ಹೆಸರು ಬುರುಡ್ ರಾಜಾಚೆ ಕೋಟ್. ಬುರುಡ್ ಅಂದರೆ ಬಿದಿರಿನ ಕೆಲಸದವರು, ನಮ್ಮ ಮೇದಾರರು. ಮೇದಾರ ರಾಜನ ಕೋಟೆ! ಮೊರ ಹೆಣೆಯುವವರು ಅವರೇ ತಾನೆ? ಮೊರದ ಊರಲ್ಲಿ ಮೇದಾರ ರಾಜ. ಇದು ನನ್ನ ಲೆಕ್ಕ, ಪಂಡಿತರ ಮಾತಲ್ಲ. ಸ್ತೂಪ ಅನ್ನುವುದೇ ಜನರಿಗೆ ಮರೆತುಹೋದಾಗ ಆ ಇಟ್ಟಿಗೆ ಗುಡ್ಡಕ್ಕೆ ಒಬ್ಬ ಯಜಮಾನ ಬೇಕಲ್ಲ, ಹೆಸರಿನಲ್ಲಿದ್ದ ಮೊರವೇ ಒಬ್ಬ ರಾಜನನ್ನು ಕೊಟ್ಟಿರಬಹುದು.

ಪರಶುರಾಮ ಸೃಷ್ಟಿ ಅಂದರೆ ನಮ್ಮ ತುಳುನಾಡಲ್ವಾ? ಇವರು ಯಾಕೆ ತಮ್ಮದು ಅಂತಾರೆ?

ಪ್ರತಿ ಸಲ ಈ ಪ್ರಶ್ನೆಗೆ ಸಣ್ಣ ಜಗಳ ಆಗುತ್ತದೆ. ನಾವು ಕೊಡಲಿ ಎಸೆದ ಅನ್ನುತ್ತೇವೆ, ಕೊಂಕಣದವರು ಬಾಣ ಬಿಟ್ಟ ಅನ್ನುತ್ತಾರೆ, ಕೇರಳದವರೂ ಕೊಡಲಿಯ ಪಕ್ಷ. ಸಮುದ್ರ ಹಿಂದೆ ಸರಿದದ್ದು ಮಾತ್ರ ಎಲ್ಲರಿಗೂ ಒಪ್ಪಿಗೆ. ಇಡೀ ಪಡುವಣ ಕರಾವಳಿಯ ಕತೆ ಇದು.

ಆದರೆ ಮಹಾಭಾರತ ಹೆಸರು ಹಿಡಿದು ಹೇಳುವುದು ಶೂರ್ಪಾರಕವನ್ನು. ಶಾಂತಿಪರ್ವದಲ್ಲಿ ಪರಶುರಾಮ ಭೂಮಿಯನ್ನೆಲ್ಲ ಕಶ್ಯಪನಿಗೆ ದಾನ ಕೊಡುತ್ತಾನೆ. ಕೊಟ್ಟ ಮೇಲೆ ಕಶ್ಯಪ, "ಇನ್ನು ನನ್ನ ನೆಲದಲ್ಲಿ ನೀನು ಇರಬಾರದು, ಸಮುದ್ರದ ಕಡೆ ಹೋಗು" ಅಂದುಬಿಡುತ್ತಾನೆ. ಆಗ ಸಮುದ್ರರಾಜ ಅವನಿಗಾಗಿ ಜಾಗ ಬಿಟ್ಟುಕೊಡುತ್ತಾನೆ. ಆ ಜಾಗವೇ ಶೂರ್ಪಾರಕ. ಇದ್ದದ್ದನ್ನೆಲ್ಲ ಕೊಟ್ಟು ಮನೆಯಿಲ್ಲದವನಾದ ಒಬ್ಬನಿಗೆ ಸಿಕ್ಕ ಊರು. ಮುಂಬೈಯಲ್ಲಿ ಬಾಡಿಗೆ ಕೊಡಲಾರದೆ ಇಲ್ಲಿಗೆ ಬಂದ ನಮ್ಮಂಥವರಿಗೆ ಈ ಕತೆ ಬೇಗ ಅರ್ಥವಾಗುತ್ತದೆ.

ಮಹಾಭಾರತದಲ್ಲಿ ಇನ್ನೆಲ್ಲಿ ಬರುತ್ತದೆ?

ಸಭಾಪರ್ವದಲ್ಲಿ ಸಹದೇವ ದಕ್ಷಿಣದ ದಿಗ್ವಿಜಯಕ್ಕೆ ಹೋದಾಗ ಗೆದ್ದ ಊರುಗಳಲ್ಲಿ ಇದೂ ಒಂದು. ವನಪರ್ವದಲ್ಲಿ ಪಾಂಡವರು ತೀರ್ಥಯಾತ್ರೆ ಮಾಡುತ್ತಾ ಇಲ್ಲಿಗೆ ಬರುತ್ತಾರೆ, ಇಲ್ಲಿಂದ ಪ್ರಭಾಸಕ್ಕೆ, ಅಂದರೆ ಗುಜರಾತಿನ ಸೋಮನಾಥದ ಕಡೆಗೆ, ಹೋಗುತ್ತಾರೆ. ಅದೇ ಪರ್ವದಲ್ಲಿ, ಶೂರ್ಪಾರಕದ ರಾಮತೀರ್ಥದಲ್ಲಿ ಮಿಂದವನಿಗೆ ಬಹಳ ಚಿನ್ನ ಸಿಗುತ್ತದೆ ಅಂತ ಒಂದು ಮಾತಿದೆ. ಇಲ್ಲಿನ ಹಳೇ ಗದ್ದೆಗಳಿಗೆ ಈಗ ಬಂದ ರೇಟು ನೋಡಿದರೆ ಸುಳ್ಳಲ್ಲ.

ಈ ರಾಮತೀರ್ಥ ಬರೀ ಪುರಾಣದ ಮಾತಲ್ಲ. ನಾಸಿಕದ 10ನೇ ಗುಹೆಯಲ್ಲಿ ಉಷವದಾತನ ಶಾಸನವಿದೆ. ಅವನು ಕ್ಷತ್ರಪ ದೊರೆ ನಹಪಾನನ ಅಳಿಯ, ಸುಮಾರು 1900 ವರ್ಷದ ಹಿಂದಿನವನು. ಅವನು ಮಾಡಿದ ದಾನಗಳ ಪಟ್ಟಿಯಲ್ಲಿ ಶೋರ್ಪಾರಗದ ರಾಮತೀರ್ಥದ ಹೆಸರು ಬರುತ್ತದೆ. ಅಲ್ಲಿ ಮತ್ತು ಬೇರೆ ಕಡೆಗಳಲ್ಲಿದ್ದ ಸಂಚಾರಿ ಸಾಧುಗಳ ಕೂಟಗಳಿಗೆ ಅವನು ಕೊಟ್ಟದ್ದು 32,000 ತೆಂಗಿನ ಮರ. ದೊಡ್ಡಪ್ಪ ತೋಟದವರು. ಈ ಸಂಖ್ಯೆ ಕೇಳಿದವರೇ ಬೆರಳು ಮಡಚಿ, ಮರಕ್ಕೆ ವರ್ಷಕ್ಕೆ ಇಷ್ಟು ಕಾಯಿ ಅಂತ ಲೆಕ್ಕ ಹಾಕಲು ಶುರು ಮಾಡಿದರು. "ಕೀಳುವವರಿಗೆ ಕೂಲಿ ಯಾರು ಕೊಟ್ಟರಂತೆ?" ಅಂತ ಕೇಳಿದರು. ಶಾಸನದಲ್ಲಿ ಅದು ಇಲ್ಲ.

ಅದೇ ಶಾಸನದ ಪ್ರಕಾರ ಭರುಕಚ್ಛ (ಗುಜರಾತಿನ ಈಗಿನ ಭರೂಚ್), ದಶಪುರ, ಗೋವರ್ಧನಗಳ ಜೊತೆ ಇಲ್ಲಿಯೂ ಅವನು ನಾಲ್ಕು ಕಡೆ ಕೋಣೆಗಳಿದ್ದ ತಂಗುದಾಣ ಕಟ್ಟಿಸಿದ್ದ. ದಾರಿಯ ನದಿಗಳನ್ನು ಪುಕ್ಕಟೆ ದಾಟಿಸಲು ದೋಣಿಗಳನ್ನೂ ಇಟ್ಟಿದ್ದ. ಆ ನದಿಗಳಲ್ಲಿ ಒಂದರ ಹೆಸರು ದಾಹನುಕಾ. ನಮ್ಮ ಡಹಾಣು ಲೋಕಲ್‌ನ ಡಹಾಣು.

ಅಶೋಕನ ಶಾಸನ ಇಲ್ಲಿ ಸಿಕ್ಕಿದ್ದು ನಿಜವೇ? ಅದರಲ್ಲಿ ಏನಿದೆ?

ನಿಜ. ಎರಡು ತುಂಡು ಸಿಕ್ಕಿವೆ. ಮೊದಲನೆಯದು 1882ರಲ್ಲಿ ಭಾಟೆಲಾ ಕೆರೆಯ ಹತ್ತಿರ. ಅದು ಎಂಟನೇ ಶಿಲಾಶಾಸನದ ಚೂರು. ಎರಡನೆಯದು 1956ರಲ್ಲಿ ಹತ್ತಿರದ ಭುಯಿಗಾಂವದಲ್ಲಿ. ಅದು ಒಂಬತ್ತನೆಯದು. ಎಂಟು, ಒಂಬತ್ತು ಸಿಕ್ಕಿವೆ ಅಂದ ಮೇಲೆ ಅಶೋಕನ ಹದಿನಾಲ್ಕು ದೊಡ್ಡ ಶಿಲಾಶಾಸನಗಳೂ ಒಂದು ಕಾಲಕ್ಕೆ ಇಲ್ಲೇ ಇದ್ದಿರಬೇಕು ಅನ್ನುವುದು ವಿದ್ವಾಂಸರ ಅಂದಾಜು. ಉಳಿದ ಹನ್ನೆರಡು ಯಾರ ಮನೆಯ ಪಾಯಕ್ಕೆ ಹೋದವೋ.

ಎಂಟನೆಯದರಲ್ಲಿ ಅಶೋಕ ಪ್ರವಾಸದ ಮಾತಾಡುತ್ತಾನೆ. ಹಿಂದಿನ ರಾಜರು ಬೇಟೆಗೆ, ಮೋಜಿಗೆ ತಿರುಗಾಡುತ್ತಿದ್ದರು. ನಾನು ಪಟ್ಟಕ್ಕೆ ಬಂದು ಹತ್ತು ವರ್ಷವಾದಾಗ ಸಂಬೋಧಿಗೆ, ಅಂದರೆ ಬುದ್ಧಗಯೆಗೆ ಹೋದೆ. ಆಮೇಲಿನಿಂದ ಧರ್ಮದ ಯಾತ್ರೆ ಶುರುವಾಯಿತು ಅನ್ನುತ್ತಾನೆ.

ಒಂಬತ್ತನೆಯದು ನಮ್ಮ ಮನೆಗಳೊಳಗೇ ಬರುತ್ತದೆ. ಕಾಯಿಲೆ ಬಂದಾಗ, ಮಗನ ಮದುವೆ, ಮಗಳ ಮದುವೆ, ಮಗು ಹುಟ್ಟಿದಾಗ, ಪ್ರಯಾಣ ಹೊರಡುವಾಗ ಜನ ಏನೇನೋ ಶಾಸ್ತ್ರ ಮಾಡುತ್ತಾರೆ ಅಂತ ಪಟ್ಟಿ ಕೊಡುತ್ತಾನೆ. ಹೆಂಗಸರು ಮಾಡುವ ಶಾಸ್ತ್ರಗಳಂತೂ ಬರೀ ಚಿಲ್ಲರೆ, ಉಪಯೋಗವಿಲ್ಲ ಅಂತ ಬೇರೆ ಸೇರಿಸುತ್ತಾನೆ. ಮಾಡಿ, ಬೇಡ ಅನ್ನುವುದಿಲ್ಲ, ಆದರೆ ಫಲ ಕಡಿಮೆ. ಆಳುಕಾಳುಗಳನ್ನು ಸರಿಯಾಗಿ ನೋಡಿಕೊಳ್ಳಿ, ಹಿರಿಯರಿಗೆ ಮರ್ಯಾದೆ ಕೊಡಿ, ಪ್ರಾಣಿಗಳಿಗೆ ಹಿಂಸೆ ಮಾಡಬೇಡಿ, ಅದೇ ನಿಜವಾದ ಮಂಗಳ ಅನ್ನುವುದು ಅವನ ವಾದ. ಇದನ್ನು ಓದಿ ಹೇಳಿದಾಗ ನನ್ನ ಹೆಂಡತಿ, "ಆಳುಗಳ ಮಾತು ಸರಿ, ಹೆಂಗಸರ ಮಾತು ಅವನಿಗ್ಯಾಕೆ?" ಅಂದಳು. ನನ್ನಲ್ಲಿ ಉತ್ತರ ಇರಲಿಲ್ಲ.

ಸೋಪಾರದ ಚೂರುಗಳಲ್ಲಿ ಇದೆಲ್ಲ ಪೂರ್ತಿ ಉಳಿದಿಲ್ಲ. ಪೂರಾ ಪಾಠ ಗಿರ್ನಾರದಂಥ ಕಡೆ ಸಿಗುತ್ತದೆ. ನಮ್ಮ ಕಡೆಗೆ ಹೋಲಿಸಿದರೆ, ಮಸ್ಕಿ, ಬ್ರಹ್ಮಗಿರಿ, ಕೊಪ್ಪಳದಲ್ಲಿ ಇರುವುದು ಕಿರು ಶಾಸನಗಳು. ದೊಡ್ಡ ಶಾಸನಗಳ ಸಾಲಿಗೆ ಸೇರಿದ್ದು ಕರ್ನಾಟಕದಲ್ಲಿ ಸಿಕ್ಕಿದ್ದು ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ, 1989ರಲ್ಲಿ. ಅದೂ ಗುಡಿಯಲ್ಲಿ ದೇವಿಯ ವಿಗ್ರಹಕ್ಕೆ ಪೀಠವಾಗಿತ್ತು. ಸೋಪಾರದ ಎರಡೂ ತುಂಡುಗಳು ಈಗ ಮುಂಬೈ ಕೋಟೆ ಪ್ರದೇಶದ ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯದಲ್ಲಿವೆ.

ಸ್ತೂಪವನ್ನು ಕಂಡುಹಿಡಿದವರು ಯಾರು? ಒಳಗೆ ಏನಿತ್ತು?

ಪಂಡಿತ ಭಗವಾನ್‌ಲಾಲ್ ಇಂದ್ರಜಿ. 1839ರಲ್ಲಿ ಜುನಾಗಢದಲ್ಲಿ ಹುಟ್ಟಿದವರು. ಅಶೋಕನ ಗಿರ್ನಾರ್ ಬಂಡೆ ಅವರ ಊರ ಪಕ್ಕದಲ್ಲೇ ಇತ್ತು. ಹುಡುಗನಾಗಿದ್ದಾಗಲೇ ಆ ಅಕ್ಷರಗಳ ಬೆನ್ನು ಹತ್ತಿದವರು. ಮುಂದೆ ಮುಂಬೈಯಲ್ಲಿ ವೈದ್ಯರೂ ವಿದ್ವಾಂಸರೂ ಆಗಿದ್ದ ಭಾವು ದಾಜಿಯವರ ಜೊತೆ ಕೆಲಸ ಮಾಡಿದರು. ಆದ್ದರಿಂದ ಸೋಪಾರದಲ್ಲಿ ಕೈಯಗಲದ ಚೂರು ಸಿಕ್ಕರೂ ಅದು ಯಾವ ಶಾಸನ ಅಂತ ಅವರಿಗೆ ಗೊತ್ತಾಗುತ್ತಿತ್ತು.

1882ರ ಏಪ್ರಿಲ್‌ನಲ್ಲಿ ಅವರು ಬುರುಡ್ ರಾಜನ ಕೋಟೆಯನ್ನು ಅಗೆದರು. ನಡುವಿನಲ್ಲಿ ಇಟ್ಟಿಗೆ ಗೂಡು. ಗೂಡಿನೊಳಗೆ ಒಂದು ದುಂಡನೆಯ ಕಲ್ಲಿನ ಭರಣಿ. ಮುಚ್ಚಳ ತೆಗೆದರೆ ನಡುವೆ ತಾಮ್ರದ ಕರಂಡಕ, ಅಂದರೆ ಪುಟ್ಟ ಡಬ್ಬಿ, ಸುತ್ತ ಎಂಟು ಸಣ್ಣ ಕಂಚಿನ ಬುದ್ಧರು. ತಾಮ್ರದೊಳಗೆ ಬೆಳ್ಳಿಯದು. ಬೆಳ್ಳಿಯೊಳಗೆ ಕಲ್ಲಿನದು. ಅದರೊಳಗೆ ಸ್ಫಟಿಕದ್ದು. ಸ್ಫಟಿಕದೊಳಗೆ ಚಿನ್ನದ್ದು. ಒಂದರೊಳಗೊಂದು, ಕಡೆಗೆ ಆ ಚಿನ್ನದ ಪುಟ್ಟ ಡಬ್ಬಿಯೊಳಗೆ ಮಡಕೆಯ ಚೂರುಗಳು!

ಮಣ್ಣಿನ ಚೂರು. ಬುದ್ಧನ ಭಿಕ್ಷಾಪಾತ್ರೆಯದು ಅಂತ ಭಕ್ತಿಯಿಂದ ಇಟ್ಟದ್ದು ಅಂತ ತಿಳಿಯಲಾಗಿದೆ. ಜೊತೆಗೆ ಚಿನ್ನದ ಹೂಗಳು. ಚಿನ್ನದ ಮೇಲೆ ಸ್ಫಟಿಕ, ಅದರ ಮೇಲೆ ಕಲ್ಲು, ಬೆಳ್ಳಿ, ತಾಮ್ರ, ಇಷ್ಟೆಲ್ಲ ಕಾವಲು ಒಂದು ಒಡೆದ ಮಡಕೆಗೆ. ನನಗೆ ಸೋಪಾರದ ಬಗ್ಗೆ ಒಂದೇ ವಿಷಯ ಹೇಳಲು ಅವಕಾಶ ಕೊಟ್ಟರೆ ಇದನ್ನೇ ಹೇಳುತ್ತೇನೆ.

ಒಂದು ಬೆಳ್ಳಿ ನಾಣ್ಯವೂ ಸಿಕ್ಕಿತು. ಶಾತವಾಹನ ದೊರೆ ಯಜ್ಞ ಶಾತಕರ್ಣಿಯದು, ಅಂದರೆ ಎರಡನೇ ಶತಮಾನದ ಆಸುಪಾಸು. ಕಂಚಿನ ಎಂಟು ವಿಗ್ರಹಗಳಲ್ಲಿ ಏಳು ಹಿಂದಿನ ಬುದ್ಧರು, ಎಂಟನೆಯವನು ಮುಂದೆ ಬರಲಿರುವ ಮೈತ್ರೇಯ. ಇವು 8–9ನೇ ಶತಮಾನದವು. ಅಂದರೆ ಕಟ್ಟಿ ಆರೇಳು ನೂರು ವರ್ಷವಾದ ಮೇಲೆ ಯಾರೋ ಸ್ತೂಪವನ್ನು ತೆರೆದು, ಕಂಚಿನ ಬುದ್ಧರನ್ನು ಕಾವಲಿಗೆ ಕೂರಿಸಿ, ಮತ್ತೆ ಮುಚ್ಚಿದ್ದಾರೆ. ನಾವು ಹಳೇ ದೇವಸ್ಥಾನಕ್ಕೆ ಬ್ರಹ್ಮಕಲಶ ಮಾಡುತ್ತೇವಲ್ಲ, ಹಾಗೆ ಅಂದುಕೊಳ್ಳಿ.

ಬುದ್ಧ ಇಲ್ಲಿಗೆ ಬಂದಿದ್ದನೇ?

ಕತೆಯಲ್ಲಿ ಬಂದಿದ್ದಾನೆ, ಚರಿತ್ರೆಯಲ್ಲಿ ಆಧಾರವಿಲ್ಲ. ಕತೆ ಪೂರ್ಣನದು, ದಿವ್ಯಾವದಾನ ಅನ್ನುವ ಸಂಸ್ಕೃತದ ಬೌದ್ಧ ಕತೆಗಳ ಪುಸ್ತಕದಲ್ಲಿದೆ. ಅವನು ಶೂರ್ಪಾರಕದ ಒಬ್ಬ ದೊಡ್ಡ ವ್ಯಾಪಾರಿಗೆ ದಾಸಿಯಲ್ಲಿ ಹುಟ್ಟಿದ ಮಗ. ಅಣ್ಣಂದಿರು ಪಾಲಾಗುವಾಗ ಅವನಿಗೆ ಏನೂ ಸಿಗಲಿಲ್ಲ. ಅವನು ತನ್ನ ಚುರುಕಿನಿಂದ, ಶ್ರೀಗಂಧದ ವ್ಯಾಪಾರದಿಂದ ಮೇಲೆ ಬಂದ. ಹಡಗಿನಲ್ಲಿ ಜೊತೆಯವರು ಬೆಳಗಾಗೆದ್ದು ಬುದ್ಧವಚನ ಹೇಳಿಕೊಳ್ಳುವುದನ್ನು ಕೇಳಿ ಮನಸ್ಸು ಕರಗಿ ಭಿಕ್ಷುವಾದ. ಆಮೇಲೆ ಇಲ್ಲಿ ಗಂಧದ ಮರದ ವಿಹಾರ ಕಟ್ಟಿಸಿ ಬುದ್ಧನನ್ನು ಕರೆದ. ಬುದ್ಧ ಆಕಾಶಮಾರ್ಗದಲ್ಲಿ ಬಂದ ಅಂತ ಕತೆ.

ಪಾಲಿಯಲ್ಲಿ ಇದೇ ಪುಣ್ಣನ ಸಂಭಾಷಣೆ ಇನ್ನೂ ಚೆನ್ನಾಗಿದೆ. ಅವನು ಸುನಾಪರಂತಕ್ಕೆ, ಅಂದರೆ ಈ ಕಡೆಗೇ, ಹೊರಟಾಗ ಬುದ್ಧ ಕೇಳುತ್ತಾನೆ: ಅಲ್ಲಿನ ಜನ ಒರಟರು, ಬೈದರೆ? ಕೈಯಿಂದ ಹೊಡೆಯಲಿಲ್ಲವಲ್ಲ, ಒಳ್ಳೆಯವರು ಅಂದುಕೊಳ್ಳುತ್ತೇನೆ ಅನ್ನುತ್ತಾನೆ ಪುಣ್ಣ. ಹೊಡೆದರೆ? ಕಲ್ಲು ಎಸೆಯಲಿಲ್ಲವಲ್ಲ. ಕಲ್ಲೆಸೆದರೆ? ದೊಣ್ಣೆ ತರಲಿಲ್ಲವಲ್ಲ. ಹೀಗೇ ಸಾಗುತ್ತದೆ. ಬೆಳಗ್ಗೆ ಎಂಟು ಗಂಟೆಗೆ ನಾಲಾಸೋಪಾರದಲ್ಲಿ ಟ್ರೈನ್ ಹತ್ತಿದವರಿಗೆ ಪುಣ್ಣನ ತಾಳ್ಮೆ ಎಂಥದ್ದು ಅಂತ ಬಿಡಿಸಿ ಹೇಳಬೇಕಿಲ್ಲ.

ಇನ್ನೊಬ್ಬ ಬಾಹಿಯ. ಹಡಗು ಒಡೆದು ಸುಪ್ಪಾರಕದ ದಡಕ್ಕೆ ಬಂದು ಬಿದ್ದವನು. ಉಡಲು ಬಟ್ಟೆಯಿಲ್ಲದೆ ಮರದ ತೊಗಟೆ ಸುತ್ತಿಕೊಂಡ. ಜನ ಇವನೇ ಅರಹಂತ, ಅಂದರೆ ಮುಕ್ತಿ ಪಡೆದವನು, ಅಂತ ಕಾಲಿಗೆ ಬಿದ್ದರು. ಅವನೂ ನಂಬಿಬಿಟ್ಟ. ಆಮೇಲೆ ಯಾಕೋ ಅನುಮಾನ ಬಂದು ಬುದ್ಧನನ್ನು ಹುಡುಕಿಕೊಂಡು ಶ್ರಾವಸ್ತಿಯವರೆಗೂ ಹೋದ. ಬುದ್ಧ ಭಿಕ್ಷೆಗೆ ಹೊರಟಿದ್ದ. ಆಮೇಲೆ ಬಾ ಅಂದರೂ ಕೇಳದೆ ಮೂರು ಸಲ ಬೇಡಿದ. ನೋಡಿದ್ದರಲ್ಲಿ ನೋಡಿದ್ದಷ್ಟೇ ಇರಲಿ, ಕೇಳಿದ್ದರಲ್ಲಿ ಕೇಳಿದ್ದಷ್ಟೇ ಇರಲಿ ಅಂತ ಬುದ್ಧ ಬೀದಿಯಲ್ಲೇ ಉಪದೇಶ ಮಾಡಿದ. ಸ್ವಲ್ಪ ಹೊತ್ತಿಗೆ ಕರು ಹಾಕಿದ್ದ ಒಂದು ಹಸು ಹಾಯ್ದು ಬಾಹಿಯ ಸತ್ತುಹೋದ. ಕಾಯದೆ ಅವಸರ ಮಾಡಿದ್ದೇ ಸರಿಯಾಯಿತು.

ಸಮುದ್ರದ ಕತೆಗಳೂ ಇವೆಯಂತೆ?

ಬುದ್ಧನ ಹಿಂದಿನ ಜನ್ಮಗಳ ಜಾತಕ ಕತೆಗಳಲ್ಲಿ ಸುಪ್ಪಾರಕ ಅನ್ನುವ ಹೆಸರಿನ ಕುರುಡು ನಾವಿಕನಿದ್ದಾನೆ. ಉಪ್ಪು ನೀರು ತಗುಲಿ ಕಣ್ಣು ಹೋದವನು. ಆ ಕತೆ ನಡೆಯುವುದು ಭರುಕಚ್ಛದಲ್ಲಿ, ಹೆಸರು ಮಾತ್ರ ನಮ್ಮ ಊರಿನದು. ಸಿಂಹಳದ ಮಹಾವಂಶದಲ್ಲಿ ವಿಜಯ ರಾಜಕುಮಾರನ ಹಡಗು ಲಂಕೆಗೆ ಹೋಗುವ ಮೊದಲು ಸುಪ್ಪಾರಕಕ್ಕೆ ಬರುತ್ತದೆ. ಅವನ ಜೊತೆಯವರ ಪುಂಡಾಟ ಜಾಸ್ತಿಯಾಗಿ ಇಲ್ಲಿ ನಿಲ್ಲಲಾಗದೆ ಮುಂದೆ ಹೋಗುತ್ತಾನೆ.

ಚರಿತ್ರೆಯ ಲೆಕ್ಕಕ್ಕೆ ಬಂದರೆ, ಮೊದಲನೇ ಶತಮಾನದ ಒಬ್ಬ ಗ್ರೀಕ್ ವ್ಯಾಪಾರಿ ಬರೆದ ಪೆರಿಪ್ಲಸ್ ಭರುಕಚ್ಛದ ಕೆಳಗಿನ ಪೇಟೆಗಳನ್ನು ಸಾಲಾಗಿ ಹೇಳುವಾಗ ಸೌಪ್ಪಾರವನ್ನೂ ಹೇಳುತ್ತದೆ, ಆಮೇಲೆ ಕಲ್ಯಾಣ. ಕಾರ್ಲೆ, ಕಾನ್ಹೇರಿ ಗುಹೆಗಳಲ್ಲಿ ಸೋಪಾರದವರು ಕೊಟ್ಟ ದಾನಗಳ ಬರಹಗಳಿವೆ.

ಇದರಲ್ಲಿ ಕನ್ನಡದವರ ಪಾಲೇನು?

ಬೇಕಾದಷ್ಟಿದೆ. ಐಹೊಳೆಯ 634ರ ಶಾಸನದಲ್ಲಿ ಬಾದಾಮಿಯ ಇಮ್ಮಡಿ ಪುಲಿಕೇಶಿ ಕೊಂಕಣದ ಮೌರ್ಯರನ್ನು ಸೋಲಿಸಿ, ಪಡುವಣ ಸಮುದ್ರದ ಲಕ್ಷ್ಮಿ ಅನ್ನಿಸಿಕೊಂಡ ಪುರಿಗೆ (ಒಡಿಶಾದ ಪುರಿ ಅಲ್ಲ) ನೂರಾರು ಹಡಗುಗಳಲ್ಲಿ ಮುತ್ತಿಗೆ ಹಾಕಿದ ವರ್ಣನೆ ಇದೆ. ಆಮೇಲೆ ರಾಷ್ಟ್ರಕೂಟರು. ಬೊರಿವಲಿಯ ಕಾನ್ಹೇರಿ ಗುಹೆಗಳಲ್ಲಿ ಅಮೋಘವರ್ಷ ನೃಪತುಂಗನ ಹೆಸರಿರುವ 9ನೇ ಶತಮಾನದ ಶಾಸನಗಳಿವೆ. ಕವಿರಾಜಮಾರ್ಗದ ನೃಪತುಂಗನೇ! ಕಾವೇರಿಯಿಂದ ಗೋದಾವರಿವರೆಗೆ ಕನ್ನಡ ನಾಡು ಅಂದ ಕಾಲದಲ್ಲಿ ಈ ಕರಾವಳಿಯೂ ಅವನ ಆಳ್ವಿಕೆಯಲ್ಲಿತ್ತು. ಸ್ತೂಪದ ಕಂಚಿನ ಬುದ್ಧರೂ ಹೆಚ್ಚುಕಮ್ಮಿ ಆ ಕಾಲದವರೇ.

ಅವನ ಕೈಕೆಳಗೆ ಕೊಂಕಣ ಆಳಿದವರು ಶಿಲಾಹಾರರು. ಅವರ ಬಿರುದುಗಳಲ್ಲಿ ಮಲಗಲಗಂಡ, ನನ್ನಿಸಮುದ್ರ ಅಂತೆಲ್ಲ ಬರುತ್ತದೆ. ನನ್ನಿ ಅಂದರೆ ಹಳಗನ್ನಡದಲ್ಲಿ ಸತ್ಯ. ಠಾಣೆಯ ರಾಜರು ಕನ್ನಡದ ಬಿರುದು ಹೊತ್ತು ಓಡಾಡುತ್ತಿದ್ದರು ಅಂದರೆ ಖುಷಿ ಆಗಲ್ವಾ? ಇಷ್ಟಕ್ಕೇ ಮುಂಬೈ ನಮ್ಮದು ಅಂತ ಯಾರೂ ಹೊರಡಬೇಡಿ. ಶಾತವಾಹನರು, ಕ್ಷತ್ರಪರು, ಗುಜರಾತಿನವರು ಎಲ್ಲರೂ ಹಾಗೇ ಹೇಳಬಹುದು. ಬಂದರು ಅಂದರೆ ಹಾಗೇ.

ಶಕ 1016ರ (ಕ್ರಿ.ಶ. 1095ರ ಸುಮಾರು) ಖಾರೆಪಾಟಣ ತಾಮ್ರಪಟದಲ್ಲಿ ಶಿಲಾಹಾರ ಅನಂತದೇವ ಕೆಲವರಿಗೆ ಸುಂಕ ಬಿಟ್ಟುಕೊಟ್ಟ ಬಂದರುಗಳಲ್ಲಿ ಠಾಣೆ, ಚೌಲ್‌ಗಳ ಜೊತೆ ಶೂರ್ಪಾರಕವೂ ಇದೆ. 12ನೇ ಶತಮಾನದಲ್ಲಿ ಅದೇ ವಂಶದ ಅಪರಾದಿತ್ಯ ಇಲ್ಲಿಂದ ತೇಜಕಂಠ ಅನ್ನುವ ಪಂಡಿತನನ್ನು ಕಾಶ್ಮೀರಕ್ಕೆ ದೂತನಾಗಿ ಕಳಿಸಿದ. ಮಂಖ ಕವಿಯ ಶ್ರೀಕಂಠಚರಿತದಲ್ಲಿ ಅವನು ಹೋದ ಪಂಡಿತರ ಸಭೆಯ ಚಿತ್ರವಿದೆ. ಅಪರಾದಿತ್ಯನ ಹೆಸರಿನಲ್ಲಿರುವ ಯಾಜ್ಞವಲ್ಕ್ಯಸ್ಮೃತಿಯ ಟೀಕೆ ಕಾಶ್ಮೀರದ ಪಂಡಿತರಲ್ಲಿ ಬಹಳ ಬಳಕೆಯಲ್ಲಿತ್ತು. ಮೀನು ವಾಸನೆಯ ಊರಿನ ಪುಸ್ತಕ ಹಿಮದ ಊರಿನಲ್ಲಿ.

ಜೈನರಿಗೂ ತೀರ್ಥವೇ?

ಹೌದು. 14ನೇ ಶತಮಾನದ ಜಿನಪ್ರಭಸೂರಿ ತೀರ್ಥಗಳ ಬಗ್ಗೆ ಬರೆಯುವಾಗ ಸೋಪಾರವನ್ನು ಸೇರಿಸಿದ್ದಾರೆ. ಶ್ರೀಪಾಲ ರಾಜನ ಕತೆಯಲ್ಲಿಯೂ ಸೋಪಾರಕದ ರಾಜಕುಮಾರಿ ಬರುತ್ತಾಳೆ.

ಬೈಬಲ್‌ನ ಓಫಿರ್ ಇದೇ ಅಂತಾರಲ್ಲ?

ಸೊಲೊಮನ್ ರಾಜನಿಗೆ ಚಿನ್ನ ಬಂದ ಓಫಿರ್ ಇದೇ ಅನ್ನುವವರಿದ್ದಾರೆ. ಹೆಸರು ಹತ್ತಿರ ಇದೆ, ಅಷ್ಟೇ. ಅರಬಸ್ತಾನ, ಆಫ್ರಿಕಾ ಅನ್ನುವವರೂ ಇದ್ದಾರೆ. ನಾನು ಇದಕ್ಕೆ ಜಾಸ್ತಿ ಬೆಲೆ ಕೊಡುವುದಿಲ್ಲ. ಕ್ರೈಸ್ತರ ಗಟ್ಟಿ ನೆನಪು ಬೇರೆಯೇ ಇದೆ. 1321ರಲ್ಲಿ ಠಾಣೆಯಲ್ಲಿ ನಾಲ್ವರು ಫ್ರಾನ್ಸಿಸ್ಕನ್ ಸನ್ಯಾಸಿಗಳನ್ನು ಕೊಂದರು. ಜೋರ್ಡಾನಸ್ ಅನ್ನುವ ಪಾದ್ರಿ ಶವಗಳನ್ನು ಸೋಪಾರಕ್ಕೆ ತಂದು ಹೂಳಿದ. ಕೆಲವೇ ವರ್ಷಗಳಲ್ಲಿ ಓಡೊರಿಕ್ ಅನ್ನುವ ಯಾತ್ರಿಕ ಆ ಮೂಳೆಗಳನ್ನು ಚೀನಾಕ್ಕೆ ಒಯ್ದ. ಪೋರ್ಚುಗೀಸರು ವಸಾಯಿಗೆ ಬರುವುದಕ್ಕೆ ಇನ್ನೂ ಇನ್ನೂರು ವರ್ಷ ಬಾಕಿಯಿತ್ತು.

ಅಷ್ಟು ದೊಡ್ಡ ಬಂದರು ಎಲ್ಲಿ ಹೋಯಿತು?

ಹೂಳು. ಹಡಗುಗಳು ಕಡಲಿನಿಂದ ಖಾಡಿಯ (ಒಳನಾಡಿಗೆ ಚಾಚಿದ ಹಿನ್ನೀರಿನ) ಮೂಲಕ ಒಳಗೆ ಬರುತ್ತಿದ್ದವು. ಖಾಡಿ ಮಣ್ಣು ತುಂಬಿ ಕಿರಿದಾಯಿತು, ದೊಡ್ಡ ಹಡಗು ಬರುವುದು ನಿಂತಿತು. ಠಾಣೆ, ಚೌಲ್, ಆಮೇಲೆ ವಸಾಯಿ ಮುಂದೆ ಬಂದವು. ಈಗಲೂ ಜೋರು ಮಳೆಗೆ ನಾಲಾಸೋಪಾರದ ಹಳಿಗಳ ಮೇಲೆ ನೀರು ನಿಂತಾಗ, ನೀರಿಗೆ ತನ್ನ ಹಳೇ ದಾರಿ ನೆನಪಾಯಿತು ಅಂತ ನಾವು ತಮಾಷೆ ಮಾಡುತ್ತೇವೆ. ಸೊಂಟದವರೆಗೆ ನೀರಿನಲ್ಲಿ ನಡೆದು ಮನೆ ಸೇರಿದ ದಿನ ತಮಾಷೆ ಇರುವುದಿಲ್ಲ.

ನೋಡಲು ಹೋಗುವುದು ಹೇಗೆ?

ವಸಾಯಿ ರೋಡ್ ಆದ ಮೇಲೆ, ವಿರಾರ್‌ಗೆ ಮೊದಲು ಇಳಿಯಿರಿ. ಪಶ್ಚಿಮಕ್ಕೆ ಬಂದು ರಿಕ್ಷಾದವರಿಗೆ "ಬುದ್ಧ ಸ್ತೂಪ" ಅನ್ನಿ. ಶೂರ್ಪಾರಕ ಅಂದರೆ ಮುಖ ನೋಡುತ್ತಾರೆ. ದೊಡ್ಡದೇನೋ ಇರುತ್ತದೆ ಅಂತ ಸಾಂಚಿಯ ಲೆಕ್ಕದಲ್ಲಿ ಹೋಗಬೇಡಿ. ಬೇಲಿಯೊಳಗೆ ಮರಗಳ ನಡುವೆ ಇಟ್ಟಿಗೆಯ ತಗ್ಗು ದಿಬ್ಬ, ಪುರಾತತ್ವ ಇಲಾಖೆಯ ಹಲಗೆ. ಬುದ್ಧ ಪೂರ್ಣಿಮೆಗೆ ಮಾತ್ರ ಜನ. ಬೇರೆ ದಿನ ಮಧ್ಯಾಹ್ನ ಹೋದರೆ ನೀವು ಮತ್ತು ಒಂದೆರಡು ನಾಯಿ.

ಅಲ್ಲಿಂದ ಚಕ್ರೇಶ್ವರ ಗುಡಿಗೆ ಹೋಗಿ, ಕೆರೆಯ ಪಕ್ಕದಲ್ಲಿದೆ. ಗುಡಿ ಹೊಸದಾಗಿ ಕಂಡರೂ ಅಂಗಳದಲ್ಲಿ ಹಳೆಯ ಶಿಲ್ಪಗಳಿವೆ. ಆಳೆತ್ತರದ ಬ್ರಹ್ಮನ ವಿಗ್ರಹವನ್ನು ಬಿಡಬೇಡಿ. ನಿಂತ ಬ್ರಹ್ಮ ಎಲ್ಲ ಕಡೆ ಸಿಗುವುದಿಲ್ಲ.

ಕರಂಡಕಗಳು ಇಲ್ಲಿಲ್ಲ. ಅವು ಕೋಟೆಯ ಟೌನ್ ಹಾಲ್‌ನಲ್ಲಿರುವ ಏಷ್ಯಾಟಿಕ್ ಸೊಸೈಟಿಯ ಬಳಿ ಇವೆ. ಯಾವಾಗಲೂ ತೋರಿಸಲು ಇಟ್ಟಿರುವುದಿಲ್ಲ, ಮೊದಲೇ ಕೇಳಿಕೊಂಡು ಹೋಗಿ. ವಸ್ತು ಸಂಗ್ರಹಾಲಯ ಅಲ್ಲಿಂದ ನಡೆದು ಹೋಗುವಷ್ಟು ಹತ್ತಿರ, ಅಶೋಕನ ಚೂರು ಅಲ್ಲಿ. ವಾಪಸ್ ಬರುವಾಗ ಸಂಜೆ ಐದರ ಮೊದಲು ಚರ್ಚ್‌ಗೇಟಿನಲ್ಲಿ ಟ್ರೈನ್ ಹಿಡಿಯಿರಿ. ತಪ್ಪಿದರೆ ಎಂಟೂವರೆ ತನಕ ಅಲ್ಲೇ ಎಲ್ಲಾದರೂ ದೋಸೆ ತಿನ್ನುತ್ತಾ ಕೂತಿರಿ. ದೊಡ್ಡಪ್ಪ ಒಮ್ಮೆ ಆರೂಕಾಲರ ವಿರಾರ್ ಫಾಸ್ಟ್ ಹತ್ತಿದ್ದರು. ಇಳಿದಾಗ ಕಾಲಲ್ಲಿ ಒಂದೇ ಚಪ್ಪಲಿ ಇತ್ತು.